ಮಾಯದ ಹುಣ್ಣು

ಒಲೆಯ ಮುಂದೆ ದಿನವಿಡೀ ನಿಲ್ಲುವ ಹೋಟೆಲ್ ಕಾರ್ಮಿಕನಿಗೂ ವಿರಾರ್ ಗಾಡಿಯಲ್ಲಿ ನಿಂತೇ ಕಚೇರಿ ತಲುಪುವ ಗುಮಾಸ್ತನಿಗೂ ಈ ನಗರದಲ್ಲಿ ಕಾಲೇ ಬಂಡವಾಳ. ಆ ಕಾಲಿನಲ್ಲೊಂದು ಹುಣ್ಣೆದ್ದು ತಿಂಗಳುಗಟ್ಟಲೆ ಮಾಯದೆ ಉಳಿದರೆ ಊರಿನ ಮನೆಯ ಒಲೆಯೂ ತಣ್ಣಗಾದೀತು. ಇಂಥ ಹುಣ್ಣುಗಳಲ್ಲಿ ಒಂದು ಬಗೆಗೆ, ಮನುಷ್ಯರ ಅಸ್ಥಿಮಜ್ಜೆಯಿಂದ ತೆಗೆದ ಆಕರಕೋಶಗಳ, ಎಂದರೆ ಸ್ಟೆಮ್ ಸೆಲ್‌ಗಳ, ಮದ್ದನ್ನು ನಮ್ಮ ಬೆಂಗಳೂರಿನಲ್ಲಿಯೇ ಸಿದ್ಧಪಡಿಸಿದ್ದಾರೆ. ಅಭಿಮಾನಪಡತಕ್ಕ ವಿಷಯವೇ ಸರಿ. ಆದರೆ ಅದರ ಹೆಸರಿನಲ್ಲಿ ಬಡವನ ಗಂಟು ಕರಗದಂತೆ ನೋಡಿಕೊಳ್ಳುವುದೂ ಅಷ್ಟೇ ಅಗತ್ಯವಾಗಿದೆ.

ಗಾಯ ಮಾಯುವುದೆಂದರೆ ಚರ್ಮ ಕೂಡಿಕೊಳ್ಳುವುದಷ್ಟೇ ಅಲ್ಲ. ಮಾಯುತ್ತಿರುವ ಗಾಯದ ತಳದಲ್ಲಿ ಕೆಂಪಗೆ, ಹರಳುಹರಳಾಗಿ ಕಾಣುವ ಹೊಸ ಮಾಂಸವನ್ನು ಎಲ್ಲರೂ ಕಂಡಿದ್ದೇವೆ. ಆ ಕೆಂಪು, ಹೊಸದಾಗಿ ಚಿಗುರಿದ ಅತಿ ಸೂಕ್ಷ್ಮ ರಕ್ತನಾಳಗಳದು. ಅವು ಪ್ರಾಣವಾಯುವನ್ನೂ ಪೋಷಣೆಯನ್ನೂ ತಂದೊದಗಿಸಿದರೆ ಮಾತ್ರ ಮೇಲೆ ಚರ್ಮ ಹಬ್ಬೀತು. ಕಾಲಿಗೆ ರಕ್ತವನ್ನೊಯ್ಯುವ ಅಪಧಮನಿಯೇ ಕಟ್ಟಿಹೋಗಿದ್ದರೆ ಯಾವ ಮುಲಾಮು ತಾನೇ ಏನು ಮಾಡೀತು?

ಹಾಗೆ ಕಟ್ಟುವ ರೋಗಗಳಲ್ಲೊಂದನ್ನು ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದರು. ಬಹುಮಟ್ಟಿಗೆ ನಲವತ್ತೈದರೊಳಗಿನ ಪುರುಷರನ್ನು, ಅವರಲ್ಲಿಯೂ ಬೀಡಿ, ಸಿಗರೇಟು, ತಂಬಾಕಿಗೆ ಅಂಟಿಕೊಂಡವರನ್ನು ಹಿಡಿಯುವ ರೋಗವದು. ರಾತ್ರಿ ನೋವಿನಿಂದ ನಿದ್ದೆಯಿಲ್ಲ, ಬೆರಳು ಕಪ್ಪಾಗುತ್ತದೆ, ಎಷ್ಟೋ ಸಲ ಕಾಲನ್ನೇ ಕತ್ತರಿಸಬೇಕಾಗುತ್ತದೆ.

ಮಣಿಪಾಲ ಸಮೂಹಕ್ಕೆ ಸೇರಿದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ‘ಸ್ಟೆಂಪ್ಯೂಸೆಲ್’ ಈ ರೋಗಕ್ಕಾಗಿ 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಸೀಮಿತ ಅನುಮತಿ ಪಡೆಯಿತು. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ರೋಗಿಯ ಮೀನಖಂಡಕ್ಕೂ ಹುಣ್ಣಿನ ಸುತ್ತಲೂ ಚುಚ್ಚುತ್ತಾರೆ. ಆ ಕೋಶಗಳೇ ರಕ್ತನಾಳಗಳಾಗಿಬಿಡುತ್ತವೆಂದು ತಿಳಿಯಬಾರದು. ಅವು ಸ್ರವಿಸುವ ದ್ರವ್ಯಗಳು ಅಕ್ಕಪಕ್ಕದ ನಾಳಗಳನ್ನು ಕವಲೊಡೆಯುವಂತೆ ಪ್ರೇರಿಸುತ್ತವೆ. 2017ರಲ್ಲಿ ಪ್ರಕಟವಾದ, 90 ರೋಗಿಗಳ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣದ ಮದ್ದು ಪಡೆದವರಿಗೆ ನೋವು ತಗ್ಗಿತು, ಹುಣ್ಣು ಕುಗ್ಗಿತು. ಆದರೆ ಅದು ಚಿಕ್ಕ ಪರೀಕ್ಷೆ. ರೋಗಿಗಳನ್ನು ಚೀಟಿಯೆತ್ತಿದಂತೆ ನಿಷ್ಪಕ್ಷಪಾತವಾಗಿ ಹಂಚಿದ್ದೂ ಅಲ್ಲ. ಮದ್ದು ಬಂದ ಮೇಲೆಯೂ ಬೀಡಿ ಬಿಡುವುದೇ ಮೊದಲ ಚಿಕಿತ್ಸೆ. ಬಿಟ್ಟವರಲ್ಲಿ ಕಾಲು ಕಳೆದುಕೊಳ್ಳುವವರು ವಿರಳ.

ಇದೇ ಹೆಸರು ಹೇಳಿ ಮಧುಮೇಹದಿಂದ ಮರೆಗುಳಿತನದವರೆಗೆ ಸಕಲವನ್ನೂ ಗುಣಪಡಿಸುವೆವೆನ್ನುವ ಜಾಹೀರಾತುಗಳೂ ಉಂಟು. ಅನುಮೋದನೆಯಿಲ್ಲದ ಆಕರಕೋಶ ಚಿಕಿತ್ಸೆಯನ್ನು ಒಪ್ಪಿತ ಪರೀಕ್ಷೆಯ ಹೊರಗೆ ಕೊಡಕೂಡದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರ ಮಾರ್ಗಸೂಚಿಯಲ್ಲಿಯೇ ವಿಧಿಸಿದೆ. ಹೆಂಡತಿಯ ಬಳೆ ಅಡವಿಟ್ಟು ಅಂಥ ಬಾಗಿಲಿಗೆ ಹೋಗುವ ಮುನ್ನ, ತನ್ನದು ಯಾವ ಹುಣ್ಣೆಂದು ನಮ್ಮ ಕಾರ್ಮಿಕ ಬಂಧು ತಿಳಿಯಬೇಡವೇ? ಸದಾ ನಿಂತು ದುಡಿಯುವವರಲ್ಲಿ ಕಾಣುವುದು ಹೆಚ್ಚಾಗಿ ಉಬ್ಬಿದ ಅಭಿಧಮನಿಯ ಹುಣ್ಣು. ಅದಕ್ಕೆ ಬಿಗಿಪಟ್ಟಿಯೇ ಮುಖ್ಯ ಚಿಕಿತ್ಸೆ, ಖರ್ಚೂ ಅಲ್ಪ. ಅದೇ ಬಿಗಿಪಟ್ಟಿ ಅಪಧಮನಿ ಕಟ್ಟಿದ ಕಾಲಿಗೆ ಅಪಾಯಕರ. ಸಕ್ಕರೆ ಕಾಯಿಲೆಯವರ ಪಾದಕ್ಕೋ ಬೇರೆಯೇ ಉಪಚಾರ. ಕಣಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸುವ ಸರಳ ಪರೀಕ್ಷೆಯಿಂದಲೇ ಬಹಳಷ್ಟು ತಿಳಿಯುತ್ತದೆ. ಪರೇಲಿನ ಕೆ.ಇ.ಎಂ., ಸಾಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳು ನಗರಪಾಲಿಕೆಯವು. ಅಲ್ಲಿಗೆ ಹೋಗಲು ಸಂಕೋಚವೇಕೆ?

ಸಂಕೋಚಕ್ಕಿಂತ ಭಯವೇ ಹೆಚ್ಚೆಂದು ನಮಗೆ ಗೊತ್ತು. ಹುಣ್ಣು ತೋರಿಸಿದರೆ ‘ಊರಿಗೆ ಹೋಗಿ ಗುಣವಾದ ಮೇಲೆ ಬಾ’ ಎನ್ನುವ ಮಾಲೀಕರು ಇನ್ನೂ ಇದ್ದಾರೆ. ಆ ಹುಡುಗನ ಜಾಗದಲ್ಲಿ ವಾರದೊಳಗೆ ಬೇರೊಬ್ಬ ನಿಂತಿರುತ್ತಾನೆ. ಇ.ಎಸ್.ಐ. ವಂತಿಗೆ ನಿಯಮದಂತೆ ಸಂದಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಕಾಯಿಲೆ ಭತ್ಯ ದೊರೆಯುತ್ತದೆ. ಎಷ್ಟು ಹೋಟೆಲುಗಳಲ್ಲಿ ಎಲ್ಲ ಕೆಲಸಗಾರರ ಹೆಸರೂ ಆ ಪಟ್ಟಿಯಲ್ಲಿದೆ? ಈ ಪ್ರಶ್ನೆಗೆ ಮಾಲೀಕ ಮಹಾಶಯರು ಉತ್ತರ ಕೊಡಬೇಕು. ವಾರ್ಷಿಕೋತ್ಸವದ ಹಾರತುರಾಯಿಗಳಿಗೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ನಮ್ಮ ಸಂಘಸಂಸ್ಥೆಗಳು ಅಡುಗೆಮನೆಯ ಕಾರ್ಮಿಕರ ಕಾಲು ಪರೀಕ್ಷೆಗೆ ಮೀಸಲಿಡಲಿ. ಈ ಮಳೆಗಾಲಕ್ಕೆ ಮುನ್ನವೇ ಅದು ಆರಂಭವಾಗಲೆಂದು ನಾವು ಒತ್ತಾಯಿಸುತ್ತೇವೆ.