ಕವರ್ ಕೊಟ್ಟು ಫೋಟೊ ಮುಟ್ಟಿಸುವವರು

ಪಂಚಾಯ್ತಿ ಚುನಾವಣೆ ಬಂತೆಂದರೆ ಅರಿಶಿನದಕ್ಕಿ, ತೆಂಗಿನಕಾಯಿ, ಮಂಜುನಾಥಸ್ವಾಮಿ ಫೋಟೊ ರಾತ್ರೋರಾತ್ರಿ ಮನೆಮನೆ ತಿರುಗುತ್ತವೆ. ಕೈಗೆ ಕವರ್ ಇಟ್ಟು ಫೋಟೊ ಮುಟ್ಟಿಸುತ್ತಾರೆ. ಮರುದಿನ ಎದುರು ಪಾರ್ಟಿಯವರ ಸರದಿ, ಅವರದು ಬೇರೆ ದೇವರು. ಪಾಪ, ಮನೆಯ ಹೆಂಗಸರಿಗೆ ನಿದ್ದೆಯಿಲ್ಲ. ಯಾರಿಗೆ ಹಾಕಿದರೂ ಮಕ್ಕಳಿಗೇನಾದರೂ ಆದೀತೆಂಬ ಭಯ.

ನಮ್ಮ ಹಿರಿಯರೂ ಆಣೆ ಮಾಡುತ್ತಿದ್ದರು. ಬದುವಿನ ಜಗಳ, ಕೈಸಾಲದ ತಕರಾರಿಗೆ ಸಾಕ್ಷಿ ಸಿಗದಿದ್ದಾಗ ಗುಡಿ ಮುಂದೆ, ನಾಲ್ಕು ಜನರ ಎದುರು, ಹಗಲಲ್ಲಿ. ಅದು ನಿಜ ಹೊರಗೆ ಬರಲಿ ಅಂತ. ಇದು ಲಂಚ ಒಳಗೇ ಇರಲಿ ಅಂತ.

ಭಾರತೀಯ ನ್ಯಾಯ ಸಂಹಿತೆ 2023ರ 171ನೇ ಕಲಂ ನೋಡಿ. ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ನಂಬಿಸಿ ಮತದಾರರ ಮೇಲೆ ಒತ್ತಡ ಹಾಕುವುದು ಅಪರಾಧ. 1 ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮತಕ್ಕಾಗಿ ದುಡ್ಡು ತಗೊಳ್ಳುವುದೂ 170ನೇ ಕಲಂ ಪ್ರಕಾರ ತಪ್ಪೇ, ಅದನ್ನೂ ಹೇಳಿಬಿಡಬೇಕು. ಆದರೆ ಹೆದರಿಸಿ ಹೇಳಿಸಿದ ಮಾತನ್ನು ನಾನಂತೂ ಆಣೆ ಎನ್ನಲಾರೆ. ಮತ ಹಾಕುವಾಗ ನೀವೊಬ್ಬರೇ ಇರುತ್ತೀರಿ.

ಆಣೆ ಬೇಕೇ ಬೇಕು ಅಂದರೆ ಮೊದಲು ಅಭ್ಯರ್ಥಿ ಮಾಡಲಿ: ಚರಂಡಿ ಬಿಲ್ಲಿನಲ್ಲಿ ಕಮಿಷನ್ ಮುಟ್ಟಲ್ಲ ಅಂತ. ಫೋಟೊ ಹೇಗೂ ಅವರೇ ತಂದಿರುತ್ತಾರೆ.