ಕಂಪ್ಯೂಟರಿಗೂ ಒಂದು ದೋಟಿ ಬೇಕು



ಅಡಿಕೆ ತೋಟವಿರುವ ಮನೆಯವರಿಗೆ ದೋಟಿ ಗೊತ್ತೇ ಉಂಟು. ಉದ್ದದ ಬಿದಿರಿನ ತುದಿಗೆ ಒಂದು ಕತ್ತಿ ಕಟ್ಟಿದರೆ ಆಯಿತು. ಅದನ್ನು ಮೊದಲು ಕಟ್ಟಿದವರ ಹೆಸರು ನಮಗೆ ಗೊತ್ತಿಲ್ಲ. ಆದರೆ ಮರ ಹತ್ತಿ ಹತ್ತಿ ಸುಸ್ತಾದವರೇ ಅದನ್ನು ಕಟ್ಟಿರಬೇಕು, ಅಲ್ಲವಾ?

ಕಂಪ್ಯೂಟರಿನ ಕೆಲಸದಲ್ಲೂ ಹೀಗೆಯೇ. ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳನ್ನು "ಮುಂದೆ ಎಂತ ಮಾಡ್ತೀರಿ?" ಅಂತ ಕೇಳಿದರೆ ಹೆಚ್ಚಿನವರು ದೊಡ್ಡ ಗೇಮ್, ದೊಡ್ಡ ಆಪ್ ಅನ್ನುತ್ತಾರೆ. ತಪ್ಪಲ್ಲ. ಆದರೆ ಅದಕ್ಕೆ ಮೊದಲು ಒಂದು ದೋಟಿ ಕಟ್ಟಿ ಎಂಬುದು ನನ್ನ ಅಭಿಪ್ರಾಯ. ನಿಮ್ಮನ್ನು ದಿನಾ ಕಾಡುವ ಒಂದೇ ಒಂದು ತೊಂದರೆಗೆ ಹತ್ತು ಸಾಲಿನ ಪ್ರೋಗ್ರಾಂ ಬರೆಯಿರಿ. ಬರೆದದ್ದನ್ನು ಇನ್ನೊಬ್ಬರು ಬಳಸುವ ಹಾಗೆ ಕಟ್ಟಿ ಕೊಡಿ. ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶದ ಲೋಕ ಬೆಳೆದದ್ದರಲ್ಲಿ ಇಂಥ ಸಣ್ಣ ಹತ್ಯಾರುಗಳ ಪಾಲು ದೊಡ್ಡದು.

ಮೊದಲು ನಾನೇ ಎಡವಿದ ಕಥೆ ಹೇಳುತ್ತೇನೆ. ನಮ್ಮ ವಿಜ್ಞಾನ ಕ್ಲಬ್ಬಿನ ಮಕ್ಕಳು ಊರಿನ ಗಿಡಗಳ ಫೋಟೋ ತೆಗೆದು ತಂದಿದ್ದರು. ಇನ್ನೂರಕ್ಕೂ ಹೆಚ್ಚು ಫೋಟೋ, ಎಲ್ಲದಕ್ಕೂ ಮೊಬೈಲ್ ಕೊಟ್ಟ ನಂಬರಿನ ಹೆಸರು. ಯಾವ ನಂಬರು ಯಾವ ಗಿಡ ಎಂದು ಮಕ್ಕಳು ಪಟ್ಟಿ ಮಾಡಿದ್ದರು. ಎರಡು ಸಂಜೆ ಕೂತು ಒಂದೊಂದಾಗಿ ಹೆಸರು ಬದಲಿಸಿದೆ, ಅರ್ಧವೂ ಮುಗಿಯಲಿಲ್ಲ. ಮೂರನೇ ಸಂಜೆ ಪೈಥಾನ್‌ನಲ್ಲಿ ಹನ್ನೆರಡು ಸಾಲು ಬರೆದೆ. ಪಟ್ಟಿಯಿಂದ ಗಿಡದ ಹೆಸರು, ಫೋಟೋದ ಒಳಗಿಂದ ತೆಗೆದ ದಿನಾಂಕ, ಎರಡನ್ನೂ ಸೇರಿಸಿ ಹೊಸ ಹೆಸರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕೆಲಸ ಮುಗಿಯಿತು. ಖುಷಿಯೋ ಖುಷಿ.

ಮರುದಿನ ಒಬ್ಬಳು ಹುಡುಗಿ ಬಂದು ಕೇಳಿದಳು, "ಸಾರ್, ನನ್ನ ನೆಕ್ಕರೆ ಹೂವಿನ ಫೋಟೋ ಎಲ್ಲುಂಟು?" ಹುಡುಕಿದರೆ ಇಲ್ಲ. ಅದೇ ದಿನ ಇನ್ನೊಬ್ಬ ಹುಡುಗನೂ ನೆಕ್ಕರೆಯ ಫೋಟೋ ತೆಗೆದಿದ್ದ. ಎರಡಕ್ಕೂ ಒಂದೇ ಹೆಸರು ಬಂತು. ಲಿನಕ್ಸ್‌ನಲ್ಲಿ ಪೈಥಾನ್‌ನ ಆ ಆದೇಶ, ಆ ಹೆಸರಿನ ಫೈಲ್ ಮೊದಲೇ ಇದ್ದರೆ ಒಂದು ಮಾತೂ ಹೇಳದೆ ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಹೀಗೆ ಹನ್ನೊಂದು ಫೋಟೋ ಹೋಯಿತು. ಮೊಬೈಲಿನಲ್ಲಿ ಜಾಗ ಇಲ್ಲ ಅಂತ ಆಕೆ ಅಲ್ಲಿಂದಲೂ ಅಳಿಸಿದ್ದಳು. ತಪ್ಪು ಕಂಪ್ಯೂಟರಿನದ್ದಲ್ಲ, ನನ್ನದು. "ಈ ಹೆಸರಿನ ಫೈಲ್ ಈಗಾಗಲೇ ಉಂಟೋ ನೋಡು, ಇದ್ದರೆ ನಿಲ್ಲು" ಎಂಬ ಎರಡು ಸಾಲು ಬರೆದಿದ್ದರೆ ಸಾಕಿತ್ತು. ದೋಟಿ ಸಣ್ಣದಾದರೂ ತುದಿಯಲ್ಲಿರುವುದು ಕತ್ತಿಯೇ.

ಈಗ ದೊಡ್ಡವರ ಕಥೆ ಕೇಳಿ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರಿದ್ದರು. ಒಂದು ದಿನ ಅವರ ಸಹೋದ್ಯೋಗಿಯೊಬ್ಬರು ಸಿಟ್ಟಿನಿಂದ ಕೋಣೆಗೆ ಬಂದರು. ಇಡೀ ಬೆಳಗ್ಗೆ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದ್ದರಂತೆ. ಆದರೆ ತಪ್ಪನ್ನು ಅದಕ್ಕೆ ಮೊದಲೇ ಸರಿ ಮಾಡಿ ಆಗಿತ್ತು. ಸರಿ ಮಾಡಿದ ಫೈಲನ್ನು ಮತ್ತೆ ಕಂಪೈಲ್ ಮಾಡಲು, ಅಂದರೆ ಕಂಪ್ಯೂಟರ್ ನಡೆಸುವ ರೂಪಕ್ಕೆ ತಿರುಗಿಸಲು, ಮರೆತುಹೋಗಿತ್ತು ಅಷ್ಟೆ. ಫೆಲ್ಡ್‌ಮನ್ ಒಂದು ವಾರಾಂತ್ಯದಲ್ಲಿ ಕೂತು 'ಮೇಕ್' ಎಂಬ ಸಣ್ಣ ಪ್ರೋಗ್ರಾಂ ಬರೆದರು. ಅದು ಫೈಲುಗಳ ಸಮಯ ನೋಡುತ್ತದೆ. ಮೂಲ ಫೈಲು ಹೊಸದು, ಅದರಿಂದ ತಯಾರಾದದ್ದು ಹಳೆಯದು ಅಂತಾದರೆ ಅದನ್ನು ಮಾತ್ರ ಮತ್ತೆ ತಯಾರಿಸುತ್ತದೆ. ಒಬ್ಬರ ಒಂದು ಬೆಳಗ್ಗೆ ಹಾಳಾದದ್ದಕ್ಕೆ ಹುಟ್ಟಿದ ಹತ್ಯಾರು ಅದು. ಇಂದಿಗೂ ಬಳಕೆಯಲ್ಲಿ ಉಂಟು!

ಅದರಲ್ಲಿ ಒಂದು ಕೊರತೆಯೂ ಉಳಿದುಬಿಟ್ಟಿತು. ಮೇಕ್‌ನ ಫೈಲಿನಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು. ಸ್ಪೇಸ್ ಹಾಕಿದರೆ ನಡೆಯುವುದಿಲ್ಲ, ಕಣ್ಣಿಗೆ ಎರಡೂ ಒಂದೇ ಥರ. ಇದು ಸರಿಯಲ್ಲ ಎಂದು ಫೆಲ್ಡ್‌ಮನ್‌ಗೆ ಬೇಗನೆ ಗೊತ್ತಾಯಿತು. ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಅದನ್ನು ಬಳಸುತ್ತಿದ್ದರು. ಅವರಿಗೆ ತೊಂದರೆ ಆಗುವುದು ಬೇಡ ಎಂದು ಹಾಗೇ ಬಿಟ್ಟರು. ಆ ಹನ್ನೆರಡು ಮಂದಿಗಾಗಿ ಉಳಿದ ಟ್ಯಾಬ್ ಇಂದು ಜಗತ್ತಿನಾದ್ಯಂತ ಪ್ರೋಗ್ರಾಂ ಬರೆಯುವವರನ್ನು ಕಾಡುತ್ತಿದೆ. ಸಣ್ಣ ಹತ್ಯಾರು ಎಷ್ಟು ವರ್ಷ ಬಾಳುತ್ತದೆ ಎಂದು ಮಾಡುವಾಗ ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಕಟ್ಟಿ ಕೊಡುವ ಮಾತು. ನನ್ನ ಫೋಟೋ ಪ್ರೋಗ್ರಾಂ ಸರಿಮಾಡಿದ ಮೇಲೆ ಇನ್ನೊಂದು ಶಾಲೆಯ ಟೀಚರಿಗೆ ಕಳಿಸಿದೆ. ಅವರಲ್ಲಿ ಓಡಲೇ ಇಲ್ಲ. ಕಾರಣ ಎರಡು. ನನ್ನ ಕಂಪ್ಯೂಟರಿನ ಫೋಲ್ಡರಿನ ಹೆಸರನ್ನು ಪ್ರೋಗ್ರಾಂ ಒಳಗೇ ಬರೆದಿದ್ದೆ. ಮತ್ತೆ, ಫೋಟೋದ ದಿನಾಂಕ ಓದಲು ಬೇಕಾದ 'ಪಿಲ್ಲೋ' ಎಂಬ ಲೈಬ್ರರಿ ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. "ನನ್ನಲ್ಲಿ ಓಡ್ತದೆ" ಅಂದರೆ ಅರ್ಧ ಕೆಲಸ ಮಾತ್ರ ಆಗಿದೆ ಎಂದರ್ಥ.

ಉಳಿದ ಅರ್ಧವೇ ಪ್ಯಾಕೇಜಿಂಗ್. ಪ್ರೋಗ್ರಾಂನ ಜೊತೆಗೆ ಅದರ ಹೆಸರು, ಎಷ್ಟನೇ ಆವೃತ್ತಿ, ಯಾವ ಫೈಲ್ ಎಲ್ಲಿ ಕೂರಬೇಕು, ಓಡಲು ಇನ್ನೇನೇನು ಬೇಕು, ಎಲ್ಲವನ್ನೂ ಬರೆದು ಒಂದು ಕಟ್ಟು ಮಾಡುವುದು. ನಮ್ಮ ಶಾಲೆಯ ಲ್ಯಾಬಿನ ಕೈಟ್ ಗ್ನೂ/ಲಿನಕ್ಸ್ ಉಬುಂಟುವಿನಿಂದ ಬಂದದ್ದು, ಉಬುಂಟು ಡೆಬಿಯನ್‌ನಿಂದ. ಡೆಬಿಯನ್ ಅನ್ನು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದರು. ಅದರ 'ಆಪ್ಟ್' ಎಂಬ ಹತ್ಯಾರು "ಇದಕ್ಕೆ ಇನ್ನೇನು ಬೇಕು" ಎಂಬ ಪಟ್ಟಿ ಓದಿ, ಬೇಕಾದದ್ದನ್ನು ತಾನೇ ತರುತ್ತದೆ. 'ಗುಬ್ಬಿ', 'ನವಿಲು' ಎಂಬ ಕನ್ನಡ ಫಾಂಟುಗಳೂ ಡೆಬಿಯನ್‌ನಲ್ಲಿ ಪ್ಯಾಕೇಜ್ ಆಗಿ ಸಿಗುತ್ತವೆ. ಯಾರೋ ಕೂತು ಕಟ್ಟಿದ್ದರಿಂದ ಅಲ್ವಾ ಒಂದೇ ಆದೇಶಕ್ಕೆ ಅವು ಬರುವುದು?

ಕಟ್ಟುವ ಕೆಲಸಕ್ಕೂ ಸಣ್ಣ ಹತ್ಯಾರುಗಳು ಹುಟ್ಟಿವೆ. ಪ್ಯಾಕೇಜ್ ಮಾಡುವವರೆಲ್ಲ ಅದೇ ಹೆಜ್ಜೆಗಳನ್ನು ಮತ್ತೆ ಮತ್ತೆ ಬರೆಯುವುದನ್ನು ತಪ್ಪಿಸಲು 'ಡೆಬ್‌ಹೆಲ್ಪರ್' ಬಂತು. ಕಟ್ಟಿದ್ದರಲ್ಲಿ ತಪ್ಪು ಹುಡುಕಿ ತೋರಿಸಲು 'ಲಿಂಟಿಯನ್' ಉಂಟು. ಡೆಬ್‌ಹೆಲ್ಪರ್ ಇರುವುದರಿಂದ ಸರಳ ಪ್ಯಾಕೇಜಿನ ನಿಯಮಗಳ ಫೈಲು ಈಗ ಮೂರೇ ಸಾಲಿನಲ್ಲಿ ಮುಗಿಯುತ್ತದೆ. ತಮಾಷೆ ಏನು ಗೊತ್ತಾ? ಆ ಫೈಲು ಮೇಕ್‌ನದ್ದು, ಅದರ ಮೂರನೇ ಸಾಲು ಶುರುವಾಗುವುದು ಅದೇ ಟ್ಯಾಬ್‌ನಿಂದ!

"ಇದಕ್ಕೆಲ್ಲ ಸಮಯ ಹಾಳು, ಪಾಠ ಓದಲಿ" ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರ ಮಾತಿನಲ್ಲೂ ಸತ್ಯ ಉಂಟು. ಐದು ನಿಮಿಷದ ಕೆಲಸ ತಪ್ಪಿಸಲು ಐದು ದಿನ ಕೂತವರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಎರಡು ಸಲ ಕೈಯಲ್ಲೇ ಮಾಡಿ. ಮೂರನೇ ಸಲವೂ ಅದೇ ಕೆಲಸ ಬಂದರೆ ಹತ್ಯಾರು ಮಾಡಿ. ಅದನ್ನು ಮಾಡುವಾಗ ಕಲಿತ ಪಾಠ ಪರೀಕ್ಷೆಯ ನಂತರವೂ ಮರೆಯುವುದಿಲ್ಲ. ಆ ಹನ್ನೊಂದು ಫೋಟೋ ನಾನು ಮರೆತಿಲ್ಲ ನೋಡಿ.

ಇನ್ನೊಂದು ಮಾತು ಗಡಿನಾಡಿನ ಕನ್ನಡ ಮಕ್ಕಳಾದ ನಿಮಗೇ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪ್ರಶ್ನೆಪತ್ರಿಕೆ ಲ್ಯಾಬಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕನ್ನಡ ಹೆಸರುಗಳ ಪಟ್ಟಿಯಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಇವು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಎದುರಾಗುವ ತೊಂದರೆಗಳು. ಎದುರಾಗದವರು ಅದಕ್ಕೆ ದೋಟಿ ಕಟ್ಟಿಯಾರು ಎಂದು ಕಾಯುವುದು ಎಷ್ಟು ದಿನ? ಪ್ರೋಗ್ರಾಂ ಬರೆಯಲು ಬಾರದಿದ್ದರೂ ಚಿಂತಿಲ್ಲ. ಏನು ಮಾಡಿದಾಗ ಎಲ್ಲಿ ಒಡೆಯಿತು ಎಂದು ಸ್ಪಷ್ಟವಾಗಿ ಬರೆದು ಅದನ್ನು ಮಾಡಿದವರಿಗೆ ಕಳಿಸಿದರೆ ಅದೂ ಕೊಡುಗೆಯೇ.

ಈ ವಾರ ಇಷ್ಟು ಮಾಡಿ. ಕಂಪ್ಯೂಟರಿನಲ್ಲಿ ನಿಮಗೆ ಬೇಸರ ತರಿಸುವ ಒಂದು ಕೆಲಸವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಲಿಟಲ್ ಕೈಟ್ಸ್ ಕ್ಲಬ್ಬಿನಲ್ಲಿ ನಾಲ್ಕು ಜನ ಸೇರಿ ಅದಕ್ಕೆ ದಾರಿ ಹುಡುಕಿ. ಮಾಡಿದ್ದನ್ನು ಪಕ್ಕದ ಶಾಲೆಯವರಿಗೆ ಕೊಟ್ಟು, ನೀವು ಜೊತೆಗಿಲ್ಲದೆ ಅದು ಅವರಲ್ಲಿ ಓಡುತ್ತದೋ ನೋಡಿ. ಓಡಿದರೆ ನಮಗೆ ಬರೆದು ತಿಳಿಸಿ. ಓಡದಿದ್ದರೂ ಬರೆಯಿರಿ.

ಮತ್ತೆ, ಫೈಲಿನ ಹೆಸರು ಬದಲಿಸುವ ಮೊದಲು ಒಂದು ಪ್ರತಿ ತೆಗೆದಿಡಲು ಮರೆಯಬೇಡಿ.