ಬ್ರೇಕ್ ಗಟ್ಟಿಯಾದ್ರೆ ಜೋರಾಗಿ ತುಳಿಯೋದಲ್ಲ

"ಲೋಡ್ ಗಾಡಿ ಅಲ್ವೇನಪ್ಪಾ, ಜೋರಾಗಿ ತುಳೀಬೇಕು." ಈ ಮಾತು ಕೇಳಿದ್ರೆ ನಂಗೆ ಮೈಯೆಲ್ಲಾ ಉರಿಯತ್ತೆ.

ವಿಜಯನಗರದಲ್ಲಿ ನಮ್ದು ಸಣ್ಣ ಶಾಮಿಯಾನ ವ್ಯಾಪಾರ. ಕೆಎ 02 ನಂಬರಿನ ಒಂದು ಡೀಸಲ್ ಪಿಕಪ್ ಇದೆ. ಓಡ್ಸೋನು ನನ್ನ ಮೈದುನ, ಲೆಕ್ಕ ಬರಿಯೋಳು ನಾನು. ಹೋದ ಮದುವೆ ಸೀಸನ್ನಲ್ಲಿ "ಅತ್ಗೆ, ಬ್ರೇಕ್ ಪೆಡಲ್ ಕಲ್ಲಾಗಿಬಿಟ್ಟಿದೆ" ಅಂದ. ಗ್ಯಾರೇಜಿಗೆ ಬಿಟ್ವಿ. ಲೈನರ್ ಬದಲಾಯಿಸಿ ದುಡ್ಡು ಇಸ್ಕೊಂಡ್ರು. ಪೆಡಲ್ ಹಾಗೇ ಇತ್ತು. ತಿರುಗಿ ಕೇಳಿದ್ದಕ್ಕೆ ಸಿಕ್ಕಿದ್ದೇ ಮೇಲಿನ ಉಪದೇಶ.

ಮೂರನೇ ದಿನ ಸುಮನಹಳ್ಳಿ ಫ್ಲೈಓವರ್ ಇಳೀತಿದ್ದಾನೆ, ಹಿಂದೆ ಕುರ್ಚಿ, ಪಾತ್ರೆ ತುಂಬಿದೆ. ಮುಂದೆ ಸ್ಕೂಟರಲ್ಲಿ ಮಗು ಕೂರಿಸ್ಕೊಂಡಿದ್ದ ಹೆಂಗಸು. ಎರಡೂ ಕಾಲಲ್ಲಿ ತುಳಿದ್ನಂತೆ. ಗಾಡಿ ನಿಂತಾಗ ಮಧ್ಯೆ ಉಳಿದಿದ್ದು ಒಂದು ಗೇಣು. ಮನೆಗೆ ಬಂದು ಕಾಫಿ ಲೋಟ ಹಿಡ್ದಾಗಲೂ ಅವನ ಕೈ ನಡುಗ್ತಿತ್ತು.

ಮತ್ತೆ ಅದೇ ಗ್ಯಾರೇಜು. "ಬೂಸ್ಟರ್ ಹೋಗಿದೆ ಅಮ್ಮಾ, ಹೊಸದು ಹಾಕ್ಬೇಕು." ಹೇಗೆ ಗೊತ್ತಾಯ್ತು ಅಂದೆ. "ಅನುಭವ" ಅಂದ್ರು. ಬಾನೆಟ್ ಕೂಡ ಎತ್ತಿರ್ಲಿಲ್ಲ!

ನೋಡ್ರೀ, ಬೂಸ್ಟರ್ ಅಂದ್ರೆ ಬ್ರಹ್ಮವಿದ್ಯೆ ಅಲ್ಲ. ಬಿಸಿ ಸಾರು ಹಾಕಿ ಮುಚ್ಚಿದ ಡಬ್ಬಿ ತಣ್ಣಗಾದ್ಮೇಲೆ ಮುಚ್ಚಳ ಬಿಗಿದುಕೊಳ್ಳಲ್ವಾ? ಒಳಗೆ ಒತ್ತಡ ಕಮ್ಮಿಯಾಗಿ ಹೊರಗಿನ ಗಾಳಿ ಒತ್ತತ್ತೆ. ಇಲ್ಲೂ ಅಷ್ಟೇ. ಬೂಸ್ಟರ್ ಒಳಗಿನ ಗಾಳಿಯನ್ನ ವ್ಯಾಕ್ಯೂಮ್ ಪಂಪು ಎಳೆದಿಟ್ಟಿರತ್ತೆ. ಪೆಡಲ್ ಒತ್ತಿದಾಗ ಹೊರಗಿನ ಗಾಳಿ ಒಂದು ಕಡೆಯಿಂದ ನುಗ್ಗಿ ನಿಮ್ಮ ಕಾಲಿನ ಜೊತೆ ಸೇರಿ ತಳ್ಳತ್ತೆ. ಎಷ್ಟೋ ಡೀಸಲ್ ಗಾಡಿಗಳಲ್ಲಿ ಆ ಪಂಪು ಆಲ್ಟರ್ನೇಟರ್ ಬೆನ್ನಿಗೇ ಇರತ್ತೆ. ಅಲ್ಲಿಂದ ಬೂಸ್ಟರ್‌ವರೆಗೆ ಒಂದು ರಬ್ಬರ್ ಪೈಪು, ಗಾಳಿ ವಾಪಸ್ ಹೋಗದ ಹಾಗೆ ಒಂದು ವಾಲ್ವು. ಇಷ್ಟೇ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ತುಳೀರಿ, ಗಟ್ಟಿಯಾಗತ್ತೆ. ಕಾಲು ತೆಗೀದೆ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದ್ರೆ ಬೂಸ್ಟರ್ ಕೆಲ್ಸ ಮಾಡ್ತಿದೆ. ಆಗ ಚಕ್ರದ ಹತ್ರ ಹುಡುಕಿ, ಕ್ಯಾಲಿಪರ್ ಜಾಮ್ ಆಗಿರ್ಬಹುದು, ಲೈನರ್ ಹೊಳಪು ಬಂದು ಹಿಡೀದೆ ಇರ್ಬಹುದು. ಇಳೀಲೇ ಇಲ್ವಾ? ಮೆಕ್ಯಾನಿಕ್ ಕೈಲಿ ಬೂಸ್ಟರ್ ಹತ್ರದ ಪೈಪು ಬಿಚ್ಚಿಸಿ, ಇಂಜಿನ್ ಓಡ್ತಿರುವಾಗ ಅದರ ಬಾಯಿಗೆ ಹೆಬ್ಬೆರಳು ಇಡ್ಸಿ. ಜೋರಾಗಿ ಎಳೀಬೇಕು. ಎಳೀದಿದ್ರೆ ತಪ್ಪು ಪೈಪಿಂದೋ ಪಂಪಿಂದೋ. ಎಳೆದ್ರೆ ಮಾತ್ರ ವಾಲ್ವು, ಬೂಸ್ಟರ್ ಮೇಲೆ ಅನುಮಾನ ಪಡಿ. ಪೆಡಲ್ ಒತ್ತಿ ಹಿಡಿದಾಗ ನಿಲ್ಲದೆ ಬುಸ್ಸ್ ಅಂತಿದ್ರೆ ಬೂಸ್ಟರ್ ಒಳಗಿನ ರಬ್ಬರ್ ಹರಿದಿರ್ಬಹುದು. ಪೆಡಲ್ ಮೆತ್ತಗೆ ಒಳಗೆ ಹೋದ್ರೆ ಅದು ಬೇರೆ ಕಾಯಿಲೆ, ಆಯಿಲ್ ಸೋರಿಕೆನೋ ಪೈಪಲ್ಲಿ ಗಾಳಿನೋ.

ಕಾಮಾಕ್ಷಿಪಾಳ್ಯದ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ನಮ್ಮೆದುರಿಗೇ ಇದನ್ನೆಲ್ಲ ಮಾಡಿ ತೋರ್ಸಿದ್ರು. ಪಂಪಿನ ತುದೀಲಿ ಎಳೀತಿತ್ತು, ಬೂಸ್ಟರ್ ತುದೀಲಿ ಎಳೀತಿರ್ಲಿಲ್ಲ. ಪೈಪು ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಬಿರುಕು ಬಿಟ್ಟಿತ್ತು. ಹೊಸ ಪೈಪಿಗೆ, ಕ್ಲಿಪ್ಪಿಗೆ ಕೊಟ್ಟಿದ್ದು ಲೈನರಿಗೆ ಕೊಟ್ಟಿದ್ದರಲ್ಲಿ ಕಾಲು ಭಾಗವೂ ಇಲ್ಲ.

"ಗಿರಾಕಿಗಳಿಗೆ ಅರ್ಜೆಂಟು, ಟೆಸ್ಟ್ ಮಾಡ್ತಾ ಕೂತ್ರೆ ಹೊಟ್ಟೆ ತುಂಬಲ್ಲ" ಅಂತೀರಾ? ಒಪ್ದೆ. ಟೆಸ್ಟ್ ಮಾಡಿದ್ದಕ್ಕೇ ಕೂಲಿ ತಗೊಳ್ಳಿ, ಸಂತೋಷವಾಗಿ ಕೊಡ್ತೀವಿ. ಊಹೆ ಮಾಡಿ ಸಾಮಾನು ಬದಲಾಯಿಸಿ, ನಮ್ಮ ದುಡ್ಡಲ್ಲಿ ರೋಗ ಹುಡುಕ್ಬೇಡಿ.

ನಮ್ಮೋರ ತಪ್ಪೂ ಇದೆ. ಡೀಸಲ್ ಉಳಿಸ್ತೀನಿ ಅಂತ ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಇಂಜಿನ್ ಆಫ್ ಮಾಡೋರಿದ್ದಾರೆ. ಇಂಜಿನ್ ನಿಂತ್ರೆ ಪಂಪೂ ನಿಲ್ಲತ್ತೆ. ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ತುಳಿಯೋ ಅಷ್ಟರಲ್ಲಿ ಖಾಲಿ, ಆಮೇಲೆ ಪೆಡಲ್ ಕಲ್ಲು. ಇನ್ನು ಕೆಲವರು "ಎಫ್‌ಸಿ ಆಗಿದೆಯಲ್ಲ" ಅಂತಾರೆ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಆಗೋ ಎಫ್‌ಸಿ ಆವತ್ತಿನ ಸ್ಥಿತಿ ಹೇಳತ್ತೆ. ಪೈಪು ಮಾರನೇ ದಿನವೂ ಬಿರುಕು ಬಿಡಬಹುದು.

ಈಗ ನಮ್ಮನೇಲಿ ದಿನಾ ಬೆಳಿಗ್ಗೆ ಲೋಡ್ ಹಾಕೋ ಮುಂಚೆ ಆ ಪರೀಕ್ಷೆ ಆಗ್ಲೇಬೇಕು. ನಾನೇ ಗೇಟಿನ ಹತ್ರ ನಿಂತು ಕೇಳ್ತೀನಿ: "ಪೆಡಲ್ ಇಳೀತೇನೋ?" "ಇಳೀತು ಅತ್ಗೆ" ಅಂದ್ಮೇಲೇ ಗೇಟು ತೆಗೆಯೋದು.